ಒಳಗೆ ಮೌನ, ಹೊರಗೆ ಬೀದಿ: ನಾಲ್ಕನೇ ಕ್ಯಾನ್ವಾಸ್‌ಗೆ ಕೂಡಿಬಂತು

ಕೋಣೆ ಸುಮ್ಮನಿರಬೇಕು, ಕಿಟಕಿಯಾಚೆ ಬೀದಿ ಗಿಜಿಗುಡಬೇಕು. ಇದೊಂದು ತೈಲಚಿತ್ರಕ್ಕೆ ಹೆಚ್ಚುಕಡಿಮೆ ಏಳು ತಿಂಗಳು ಹೋಯಿತು. ಕಿಟಕಿ ಇಷ್ಟು ಚಿಕ್ಕದಾದರೆ ಬೀದಿ ಯಾರ ಕಣ್ಣಿಗೂ ಬೀಳಲ್ಲ ಅಂತ ಜೊತೆಗಾರರೆಲ್ಲ ಹೇಳಿದ್ದರು. ಈಗ ಅವರೇ ಮೊದಲು ಕಿಟಕಿಯ ಹತ್ತಿರ ಬಗ್ಗಿ ನೋಡುತ್ತಾರೆ!

ಮೂರು ಕ್ಯಾನ್ವಾಸ್ ಹಾಳಾದವು. ಮೊದಲನೆಯದರಲ್ಲಿ ಫೋಟೋ ನಂಬಿ ಕೆಟ್ಟೆ. ಬೀದಿಯ ಬೆಳಕಿಗೆ ಕ್ಯಾಮೆರಾ ಹೊಂದಿಸಿ ತೆಗೆದ ಫೋಟೋದಲ್ಲಿ ಕೋಣೆ ಬರೀ ಇದ್ದಿಲು. ಅದನ್ನೇ ಬಳಿದೆ. ಕೋಣೆಯಲ್ಲಿ ಮೌನ ಬರಲಿಲ್ಲ, ಜೀವ ಹೋಯಿತು. ಎರಡನೆಯದರಲ್ಲಿ ಬೀದಿಗೆ ಟೈಟಾನಿಯಂ ವೈಟ್ ಎಂಬ ಬಿಳಿ ಬಣ್ಣ ಜಾಸ್ತಿಯಾಗಿ ಜನರೆಲ್ಲ ಸುಣ್ಣ ಮೆತ್ತಿಕೊಂಡ ಹಾಗೆ ಕಂಡರು. ದುಡ್ಡಿನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಮೂರನೆಯದು. ಒಳ್ಳೆಯ ಲಿನನ್ ಕ್ಯಾನ್ವಾಸ್, ಕ್ಯಾಡ್ಮಿಯಂ ಕೆಂಪೇ ಒಂದೂವರೆ ಟ್ಯೂಬ್. ನಿಧಾನಕ್ಕೆ ಒಣಗುವ ಐವರಿ ಬ್ಲ್ಯಾಕ್ ಎಂಬ ಕಪ್ಪು ಇನ್ನೂ ಹಸಿ ಇರುವಾಗಲೇ ಮೇಲೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಎಳೆದಿದ್ದೆ. ಮೇಲಿನದು ಬೇಗ ಒಣಗಿತು, ಕೆಳಗಿನದು ಒಣಗಲಿಲ್ಲ. ಗೋಡೆ ತುಂಬ ಬಿರುಕು. ಆ ಖರ್ಚಿನಲ್ಲಿ ನಾಲ್ಕು ಹತ್ತಿ ಕ್ಯಾನ್ವಾಸ್ ಬರುತ್ತಿದ್ದವು.

ನಾಲ್ಕನೆಯದಕ್ಕೆ ಕಪ್ಪು ಬಣ್ಣವನ್ನೇ ಮುಟ್ಟಲಿಲ್ಲ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಗೆ ಬರ್ನ್ಟ್ ಅಂಬರ್ ಸೇರಿಸಿ ತೆಳ್ಳಗೆ ಐದಾರು ಪದರ. ಕೋಣೆಯ ಅಂಚುಗಳನ್ನೆಲ್ಲ ಅಳಿಸಿದೆ. ಕುರ್ಚಿಯ ಕಾಲು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಅಂತ ಹೇಳಲಾಗದು. ಮೌನ ಬಂದದ್ದು ಅಲ್ಲಿಂದ, ಕತ್ತಲೆಯಿಂದಲ್ಲ. ಚೂಪಾದ ಅಂಚು ಇರುವುದು ಕಿಟಕಿಯ ಚೌಕಟ್ಟಿಗೆ ಮಾತ್ರ. ಅಲ್ಲಿ ಬಳಸಿದ ಬೂದು ಬಣ್ಣದ ಮಿಶ್ರಣ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಬೀದಿ ಇಡೀ ಚಿತ್ರದ ಆರನೇ ಒಂದು ಭಾಗ. ಅದನ್ನು ಒಂದೇ ಕೂರಿಕೆಯಲ್ಲಿ, ಎರಡು ಗಂಟೆಯೊಳಗೆ, ಹಸಿ ಬಣ್ಣದ ಮೇಲೆ ಹಸಿ ಬಣ್ಣವನ್ನೇ ದಪ್ಪಗೆ ಇಟ್ಟು ಮುಗಿಸಿದೆ. ಮುಖ ಯಾರಿಗೂ ಇಲ್ಲ. ಕೆಂಪು ಛತ್ರಿಯ ಹೆಂಗಸು ಅಂದರೆ ಬಾಗಿದ ಒಂದು ಗೀಟು, ಕೆಳಗೆ ಎರಡು ನೀಲಿ ಗೀಟು, ಹೆಗಲ ಮೇಲೆ ಹಳದಿಯ ಒಂದು ಚುಕ್ಕೆ. ಮೂರು ಹೆಜ್ಜೆ ಹಿಂದೆ ಸರಿಯಿರಿ, ನಡೆಯುತ್ತಾಳೆ.

ನಡುವೆ ಇಟಲಿಯ ಚಿತ್ರಕಾರ ಬೊಚ್ಚಿಯೋನಿಯ 1911ರ ಚಿತ್ರದಂತೆ ಬೀದಿಯನ್ನೇ ಮನೆಯೊಳಗೆ ನುಗ್ಗಿಸಿ ನೋಡಿದೆ, ಸಣ್ಣ ಹಲಗೆಯ ಮೇಲೆ. ಖುಷಿಯಾಯಿತು, ಆದರೆ ಕೋಣೆ ಉಳಿಯಲಿಲ್ಲ. ಫ್ರಾನ್ಸಿನ ಚಿತ್ರಕಾರ ಕೈಬೊಟ್ 1876ರಲ್ಲಿ ಮಾಡಿದ ಹಾಗೆ ಕಿಟಕಿಯಲ್ಲಿ ಬೆನ್ನು ತಿರುಗಿಸಿದ ಯುವಕನನ್ನೂ ನಿಲ್ಲಿಸಿದೆ. ಎಲ್ಲರೂ ಅವನನ್ನೇ ನೋಡಿದರು. ಒರೆಸಿ ಹಾಕಿದೆ. ಅವನ ಜಾಗದಲ್ಲಿ ಈಗ ಒಂದು ಗಾಜಿನ ಲೋಟ. ಅದರ ಅಂಚಿನಲ್ಲಿ ಛತ್ರಿಯ ಕೆಂಪು, ಸಾಸಿವೆಯಷ್ಟು.

ಚಿತ್ರ ಮಾರಾಟವಾಗಿ ಮೂರೂ ಕ್ಯಾನ್ವಾಸ್‌ಗಳ ದುಡ್ಡು ವಾಪಸ್ ಬಂತು. ಈಗ ಸಂಜೆಯದು ಶುರು ಮಾಡಿದ್ದೇನೆ. ದೀಪ ಒಳಗೆ, ಕತ್ತಲೆ ಹೊರಗೆ.