ಒಂದು ಕುಂಬಳಕಾಯಿ, ಒಂದು ವಾರದ ಪಾಠ

ಒಂದನೇ, ಎರಡನೇ ತರಗತಿ ಮಕ್ಕಳಿಗೆ ಏನಾದರೂ ಚಟುವಟಿಕೆ ಮಾಡಿಸಬೇಕು, ಖರ್ಚು ಮಾತ್ರ ಜಾಸ್ತಿ ಆಗಬಾರದು ಅನ್ನುವವರು ಸಂತೆಯಿಂದ ಒಂದು ಇಡೀ ಸಿಹಿಗುಂಬಳ ತನ್ನಿ. ಮೂರು ನಾಲ್ಕು ಕಿಲೋದ್ದು ಸಾಕು. ತೊಟ್ಟು ಇರಲಿ. ಚೀನಿಕಾಯಿ ಅನ್ನಿ, ತುಳು ಮಾತಾಡುವ ಕಡೆಯವರಾದರೆ ಕೆಂಬುಡೆ ಅನ್ನಿ, ಎಲ್ಲ ಅದೇ ಕಾಯಿ. ಸಿಕ್ಕರೆ ಜೊತೆಗೆ ಒಂದು ಬೂದುಗುಂಬಳವನ್ನೂ ತನ್ನಿ, ಆದರೆ ಅದರ ಮೇಲಿನ ಬಿಳಿ ಪುಡಿ ಒರೆಸಿರಬಾರದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕಿತ್ತಳೆ ಕಾಗದಕ್ಕೆ ಕಣ್ಣು ಮೂಗು ಅಂಟಿಸುವ ಹ್ಯಾಲೋವೀನ್ ಚಟುವಟಿಕೆಗಳೇ ಸಾಲುಸಾಲು ಬರುತ್ತವೆ. ಮಾಡಿಸಬಾರದು ಅಂತಲ್ಲ. ಆದರೆ ಕಟ್ಟುತ್ತಿರುವ ಮನೆ ಮುಂದೆ ದೃಷ್ಟಿಗೆ ಅಂತ ತೂಗುಹಾಕಿದ, ಕೋರೆಹಲ್ಲು ಮೀಸೆ ಬರೆದ ಬೂದುಗುಂಬಳವನ್ನು ನಮ್ಮ ಮಕ್ಕಳು ಬೇಕಾದಷ್ಟು ನೋಡಿರುತ್ತಾರೆ. ಮುಖ ಬರೆಸಲೇಬೇಕು ಅಂದರೆ ಅದನ್ನೇ ಬರೆಸಿ, ನಾಲಿಗೆ ಎಷ್ಟುದ್ದ ಇರಬೇಕು ಅಂತ ಅವರೇ ಜಗಳ ಆಡಿಕೊಳ್ಳುತ್ತಾರೆ.

ಮೊದಲ ದಿನ ಕಾಯಿ ಕತ್ತರಿಸಬೇಡಿ. ಇದೊಂದು ಮಾತು ನೆನಪಿರಲಿ. ಸುಮ್ನೆ ಮಧ್ಯೆ ಇಟ್ಟು ಮುಟ್ಟಲು, ತಟ್ಟಲು, ಎತ್ತಲು ಬಿಡಿ. ನಿನ್ನ ಬ್ಯಾಗ್ ಭಾರವೋ ಕುಂಬಳ ಭಾರವೋ ಅಂತ ಕೇಳಿದರೆ ಒಂದು ಕೈಯಲ್ಲಿ ಬ್ಯಾಗ್ ಎತ್ತಿ, ಎರಡು ಕೈಯಲ್ಲಿ ಕಾಯಿ ಎತ್ತಿ ಮುಖ ಕೆಂಪಗೆ ಮಾಡಿಕೊಂಡು ಉತ್ತರ ಹೇಳುತ್ತಾರೆ. ಆಮೇಲೆ ದಾರದ ಉಂಡೆ ಕೊಡಿ. ಕಾಯಿಯ ಸುತ್ತ ಒಂದೇ ಸುತ್ತು ಬರಲು ಎಷ್ಟು ದಾರ ಬೇಕು ಅಂತ ಕಣ್ಣಳತೆಯಲ್ಲೇ ಊಹಿಸಿ ಪ್ರತಿಯೊಬ್ಬರೂ ಒಂದು ತುಂಡು ಕತ್ತರಿಸಿಕೊಳ್ಳಲಿ. ಸುತ್ತಿ ನೋಡಿದಾಗ ಕೆಲವರ ದಾರ ಎರಡು ಸುತ್ತು ಬರುತ್ತದೆ, ಕೆಲವರದ್ದು ಅರ್ಧಕ್ಕೇ ನಿಲ್ಲುತ್ತದೆ. ಉದ್ದ, ಗಿಡ್ಡ, ಸಮ ಅನ್ನುವ ಮೂರೂ ಮಾತು ಬೋರ್ಡ್ ಮುಟ್ಟದೆ ಬಂದುಬಿಡುತ್ತವೆ. ಮೈಮೇಲಿನ ಏಣುಗಳನ್ನು ಎಣಿಸುವಾಗ ಎಲ್ಲಿಂದ ಶುರು ಮಾಡಿದೆವು ಅಂತ ಮರೆತು ಸುತ್ತುತ್ತಲೇ ಇರುತ್ತಾರೆ, ಆದ್ದರಿಂದ ಮೊದಲ ಏಣಿಗೆ ಸೀಮೆಸುಣ್ಣದ ಗುರುತು ಹಾಕಿಸಿ.

ಮಾರನೇ ದಿನ ನೀರಿನ ಆಟ. ದೊಡ್ಡ ಟಬ್‌ನಲ್ಲಿ ನೀರು ತುಂಬಿ, ಒಂದು ಆಲೂಗಡ್ಡೆ, ಒಂದು ಕುಂಬಳಕಾಯಿ ಇಟ್ಟುಕೊಳ್ಳಿ. ಯಾವುದು ಮುಳುಗುತ್ತೆ ಅಂತ ಮೊದಲೇ ಕೈ ಎತ್ತಿಸಿ. ನನ್ನ ತರಗತಿಯಲ್ಲಿ ಎಲ್ಲರೂ ಕುಂಬಳ ಮುಳುಗುತ್ತೆ ಅಂದರು, ಒಬ್ಬಳು ಮಾತ್ರ ಎರಡಕ್ಕೂ ಕೈ ಎತ್ತಿದಳು! ಆಲೂಗಡ್ಡೆ ಬುಳುಕ್ ಅಂತ ತಳ ಸೇರಿತು. ಕುಂಬಳ ಒಂದು ಸಲ ಒಳಗೆ ಹೋಗಿ ಎದ್ದು ಬಂದು, ಹೊರಳಿ, ತೇಲುತ್ತಾ ನಿಂತಿತು. ಒಬ್ಬ ಹುಡುಗ ಎರಡೂ ಕೈಯಿಂದ ಅದುಮಿ ನೋಡಿದ, ಕೈ ಬಿಟ್ಟ ತಕ್ಷಣ ಮತ್ತೆ ಮೇಲೆ. ಯಾಕೆ ಮಿಸ್ ಅಂದರೆ ಹೇಳಬೇಡಿ. ನಾಳೆ ಕತ್ತರಿಸಿದಾಗ ನೀವೇ ಹುಡುಕಿ ಅನ್ನಿ.

ಬೂದುಗುಂಬಳ ಒರೆಸಬೇಡಿ ಅಂದಿದ್ದು ಗಾದೆಗೋಸ್ಕರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅನ್ನುತ್ತೇವಲ್ಲ, ಹೆಗಲನ್ನೇ ಯಾಕೆ ಮುಟ್ಟಿಕೊಂಡ ಅಂತ ದೊಡ್ಡವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಬ್ಬ ಹೊರಗೆ ನಿಂತಿರಲಿ, ಅವನೇ ಪೊಲೀಸ್. ಒಳಗೆ ನಾಲ್ಕು ಮಕ್ಕಳ ಹೆಗಲಿಗೆ ಕಪ್ಪು ಬಟ್ಟೆ ಹೊದಿಸಿ, ಒಬ್ಬನ ಹೆಗಲ ಮೇಲೆ ಮಾತ್ರ ಕಾಯಿ ಇಟ್ಟು ನಾಲ್ಕು ಹೆಜ್ಜೆ ನಡೆಸಿ. ಕಾಯಿ ಜಾರದಂತೆ ನೀವು ಹಿಡಿದಿರಿ. ಆ ಪುಡಿ ಕಾಯಿಯ ಮೇಲಿನ ಮೇಣ, ಬಟ್ಟೆಗೆ ಬೆಳ್ಳಗೆ ಅಂಟುತ್ತದೆ. ಪೊಲೀಸ್ ಬಂದು ಹುಡುಕುತ್ತಾನೆ. ಎಳೇ ಕಾಯಿ ಬೇಡ, ಮೈಮೇಲಿನ ಸುಂಕು ಚುಚ್ಚುತ್ತದೆ.

ಮೂರನೇ ದಿನ ಸಿಹಿಗುಂಬಳ ಕತ್ತರಿಸಿ. ಕತ್ತಿ ನಿಮ್ಮ ಕೈಯಲ್ಲೇ ಇರಲಿ. ಎರಡು ಹೋಳಾದ ಕೂಡಲೇ ಮಧ್ಯದ ಪೊಳ್ಳು ಕಾಣುತ್ತದೆ, ಗಾಳಿ ಇದ್ದಿದ್ದಕ್ಕೇ ತೇಲಿದ್ದು ಅಂತ ಯಾರಾದರೂ ಕೂಗಿಯೇ ಕೂಗುತ್ತಾರೆ. ತಿರುಳು ಬೀಜ ಅವರೇ ಕೈ ಹಾಕಿ ತೆಗೆಯಲಿ. ಕೆಲವರಿಗೆ ಆ ಲೋಳೆ ಲೋಳೆ ಅಂದರೆ ಆಗಲ್ಲ, ಬಲವಂತ ಬೇಡ, ಚಮಚ ಕೊಡಿ. ಬೀಜ ತೊಳೆದು ಹತ್ತತ್ತರ ಗುಂಪು ಮಾಡಿ ಬಾಟಲಿ ಮುಚ್ಚಳಗಳಲ್ಲಿ ಇಡಿಸಿ. ಇನ್ನೂರು ಮುನ್ನೂರು ಬೀಜ ಸುಲಭವಾಗಿ ಸಿಗುತ್ತವೆ, ಹತ್ತು ಮುಚ್ಚಳ ಸೇರಿದರೆ ನೂರು ಅನ್ನುವುದು ಕಣ್ಣೆದುರೇ ಇರುತ್ತದೆ. ಈ ಹೊತ್ತಿನಲ್ಲಿ ಮಾತ್ರ ಫೋನ್ ನೋಡುತ್ತಾ ಕೂರಬೇಡಿ. ಒಮ್ಮೆ ನಾನು ಹಾಜರಿ ಪುಸ್ತಕ ತೆಗೆಯಲು ತಿರುಗಿದ್ದೆ ಅಷ್ಟೇ, ಒಬ್ಬ ಪುಟ್ಟ ಬೀಜವನ್ನು ಮೂಗಿಗೆ ತೂರಿಸಿಕೊಂಡಿದ್ದ. ಸೀನು ಬಂದು ಹೊರಗೆ ಬಿತ್ತು, ನನ್ನ ಪುಣ್ಯ. ಅಂಗನವಾಡಿಯ ತೀರಾ ಸಣ್ಣ ಮಕ್ಕಳಾದರೆ ಬೀಜದ ಕೆಲಸವೇ ಬೇಡ.

ಕಾಯಿ ಬಿಸಾಡಬೇಡಿ. ಬಿಸಿಯೂಟದ ಅಡುಗೆಯವರನ್ನು ಕೇಳಿಕೊಂಡರೆ ಸಾಂಬಾರಿಗೆ ಹಾಕುತ್ತಾರೆ. ಉತ್ತರ ಕರ್ನಾಟಕದ ಕಡೆಯವರಾದರೆ ಗಾರಿಗೆ ಗೊತ್ತೇ ಇದೆ: ತುರಿಗೆ ಬೆಲ್ಲ ಹಾಕಿ ಬೇಯಿಸಿ, ಆರಿದ ಮೇಲೆ ಹಿಟ್ಟು ಕಲೆಸಿ, ತಟ್ಟಿ ಕರಿಯುವುದು. ತಟ್ಟುವುದು ಮಕ್ಕಳ ಕೆಲಸ, ಕರಿಯುವುದು ನಮ್ಮದು. ಸಾಂಬಾರಿನಲ್ಲಿ ಕುಂಬಳ ಪಕ್ಕಕ್ಕೆ ಎತ್ತಿಡುವವರೂ ತಾವು ತಟ್ಟಿದ ಗಾರಿಗೆ ಬಿಡಲ್ಲ.

ಒಂದಷ್ಟು ಬೀಜ ನೆರಳಲ್ಲಿ ಒಣಗಿಸಿ ಎತ್ತಿಟ್ಟು, ಶಾಲೆ ಶುರುವಾದ ಮೇಲೆ ಜೂನ್‌ನಲ್ಲಿ ಬೇಲಿ ಪಕ್ಕ ಊರಿ. ಒಂದು ವಾರದಲ್ಲಿ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆ ಮೇಲಿಟ್ಟುಕೊಂಡು ಮೊಳಕೆ ಮೇಲೆ ಬರುತ್ತದೆ. ಹೂವು ಬಿಟ್ಟಾಗ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಕರೆದುಕೊಂಡು ಹೋಗಿ, ಮಧ್ಯಾಹ್ನದ ಹೊತ್ತಿಗೆ ಮುದುಡಿರುತ್ತವೆ. ಮೊದಮೊದಲು ಬರುವುದು ಬರೀ ಗಂಡು ಹೂವು, ಕಾಯಿ ಆಗಲ್ಲ. ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವನ್ನು ಮೊದಲು ಯಾರು ಹುಡುಕುತ್ತಾರೆ ಅಂತ ಪಂದ್ಯ ಇಡಿ. ದಸರಾ ಹೊತ್ತಿಗೆ ಕಾಯಿ ಬರುತ್ತದೆ. ನಾನು ಮೊದಲ ಸಲ ಜನವರಿ ಕೊನೆಗೆ ಊರಿಸಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿ ಹೂವು ಬಿಡುವ ಹೊತ್ತಿಗೆ ಬೇಸಿಗೆ ರಜೆ ಬಂತು, ನೀರು ಹಾಕುವವರು ಯಾರೂ ಇರಲಿಲ್ಲ.