ಮೊದಲು ಗೌರವ, ಆಮೇಲೆ ಪ್ರೀತಿ: ಕಬ್ಬಾಲಾದ ಒಂದು ಅಭ್ಯಾಸ ಮತ್ತು ನನ್ನ ಅನುಭವ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ವೃದ್ಧರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಬಂದ ಅನೇಕರಲ್ಲಿ ನಾನೂ ಒಬ್ಬ. ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುವ ಹಿರಿಯರನ್ನು ಇಲ್ಲಿನ ವಾಡಿಕೆಯಂತೆ ‘ಸಬಾ’, ಅಂದರೆ ಅಜ್ಜ, ಎಂದು ಕರೆಯುತ್ತೇನೆ. ಅವರು ನಿತ್ಯ ಓದುವ ಪುಟ್ಟ ಪುಸ್ತಕವನ್ನು ಕುತೂಹಲಕ್ಕಾಗಿ ಇಂಗ್ಲಿಷ್ ಅನುವಾದದಲ್ಲಿ ಓದತೊಡಗಿದವನು, ಕ್ರಮೇಣ ಅದರ ಎರಡನೆಯ ಅಧ್ಯಾಯವನ್ನು ನನ್ನ ಕೆಲಸದಲ್ಲೇ ಅಭ್ಯಾಸ ಮಾಡತೊಡಗಿದೆ.

ಪುಸ್ತಕದ ಹೆಸರು ‘ತೋಮರ್ ದೆವೋರಾ’; ಬರೆದವರು ಗಲಿಲಾಯದ ಸಫೇದ್ ಊರಿನಲ್ಲಿ ಬಾಳಿದ, ಕಬ್ಬಾಲಾ ಎಂಬ ಯೆಹೂದ್ಯ ಅನುಭಾವ ಪರಂಪರೆಯ ಚಿಂತಕ ಮೋಶೆ ಕೊರ್ದೊವೆರೊ (1522–1570). ದೇವರ ಗುಣಗಳನ್ನು ಮನುಷ್ಯನು ತನ್ನ ನಡತೆಯಲ್ಲಿ ಅನುಸರಿಸಬೇಕೆಂಬುದು ಅವರ ಮೂಲ ವಿಚಾರ. ಸೆಫಿರೋತ್, ಅಂದರೆ ದೇವರ ಗುಣಗಳು ಪ್ರಕಟವಾಗುವ ಹತ್ತು ರೂಪಗಳು, ಇವುಗಳಲ್ಲಿ ಅತ್ಯುನ್ನತವಾದ ‘ಕೆತೆರ್’, ಅಂದರೆ ಕಿರೀಟ, ಮನುಷ್ಯನಲ್ಲಿ ಹೇಗೆ ಕಾಣಿಸಿಕೊಳ್ಳಬೇಕೆಂದು ವಿವರಿಸುವಾಗ ಅವರು ದೊಡ್ಡ ತತ್ತ್ವಗಳ ಕಡೆಗೆ ಹೋಗದೆ ನೇರವಾಗಿ ಮುಖಕ್ಕೇ ಬರುತ್ತಾರೆ: ಹಣೆಯಲ್ಲಿ ಗಡಸುತನ ಇರಬಾರದು, ಕಿವಿ ಕೆಟ್ಟ ಮಾತಿಗೆ ತೆರೆದಿರಬಾರದು, ಮುಖ ಸದಾ ಪ್ರಸನ್ನವಾಗಿರಬೇಕು, ಬಾಯಿಂದ ಒಳ್ಳೆಯದೇ ಬರಬೇಕು. ಮನಸ್ಸನ್ನು ಹಿಡಿದು ತಿದ್ದಲಾಗದ ನನ್ನಂಥವನಿಗೆ, ಹಣೆಯ ಗಂಟನ್ನು ಸಡಿಲಿಸುವುದು ಕೈಗೆಟುಕುವ ಕೆಲಸ. ಸಬಾ ರಾತ್ರಿ ಮೂರನೆಯ ಸಲ ಕರೆದಾಗ ಕೋಣೆಯ ಬಾಗಿಲಲ್ಲಿ ನಾನು ಮಾಡುವುದು ಮೊದಲು ಅದನ್ನೇ.

ಅದೇ ಅಧ್ಯಾಯದಲ್ಲಿ ಅವರು ಎರಡು ಅಭ್ಯಾಸಗಳನ್ನು ಹೇಳುತ್ತಾರೆ. ಸೃಷ್ಟಿಕರ್ತನ ಜ್ಞಾನ ಎಲ್ಲದರಲ್ಲೂ ಇರುವುದರಿಂದ ಎಲ್ಲ ಜೀವಿಗಳನ್ನು ಗೌರವಿಸಬೇಕು. ಆಮೇಲೆ ಮನುಷ್ಯರ ಮೇಲಿನ ಪ್ರೀತಿಯನ್ನು, ಕೆಟ್ಟವರನ್ನೂ ಬಿಡದೆ, ಹೃದಯಕ್ಕೆ ತಂದುಕೊಳ್ಳಬೇಕು. ಅದಕ್ಕೆ ಅವರು ಕೊಡುವ ಉಪಾಯ ಎದುರಿಗಿರುವವರ ಒಳ್ಳೆಯ ಗುಣಗಳನ್ನು ನೆನೆದು ಕುಂದನ್ನು ಮುಚ್ಚುವುದು. ಹರಕು ಬಟ್ಟೆಯ ಬಡವನು ಇನ್ನೊಬ್ಬನ ಹಾಗೆ ಒಳ್ಳೆಯ ಉಡುಪು ತೊಟ್ಟಿದ್ದರೆ ಅವರಿಬ್ಬರಿಗೂ ವ್ಯತ್ಯಾಸವೇ ಇರುತ್ತಿರಲಿಲ್ಲ, ಹಾಗಿರುವಾಗ ನನ್ನ ಕಣ್ಣಿನಲ್ಲಿ ಅವನ ಮರ್ಯಾದೆ ಏಕೆ ಕಡಿಮೆಯಾಗಬೇಕು ಎಂದು ಅವರು ತರ್ಕಿಸುತ್ತಾರೆ. ಈ ಕಸುಬಿನಲ್ಲಿರುವವರಿಗೆ ಇದಕ್ಕಿಂತ ಹತ್ತಿರದ ಮಾತಿಲ್ಲ. ಡೈಪರ್ ಬದಲಿಸುವಾಗ, ತುತ್ತು ಉಗುಳಿ ನನ್ನನ್ನೇ ಗದರಿಸುವಾಗ, ಈ ಮುದುಕರು ಕೋಟು ತೊಟ್ಟು ಸಿನಗಾಗ್ ಎಂಬ ಯೆಹೂದ್ಯ ಪ್ರಾರ್ಥನಾ ಮಂದಿರದ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ನಾನು ಯಾವ ದನಿಯಲ್ಲಿ ಮಾತಾಡುತ್ತಿದ್ದೆ ಎಂದು ಕೇಳಿಕೊಂಡು, ಆ ದನಿಯಲ್ಲೇ ಮಾತಾಡುತ್ತೇನೆ. ಪ್ರೀತಿ ಪ್ರತಿದಿನ ಹಿಂಬಾಲಿಸುತ್ತದೆ ಎನ್ನಲಾರೆ. ಗೌರವವನ್ನಾದರೂ ತಪ್ಪಿಸದೆ ಕೊಡಬಹುದು, ಆರೈಕೆ ಪಡೆಯುವವರಿಗೆ ಮುಟ್ಟುವುದೂ ಹೆಚ್ಚಾಗಿ ಅದೇ.

ಬೆಳಗಿನ ಪ್ರಾರ್ಥನೆಗೆ ಮೊದಲು ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು’ ಎಂಬ ಯಾಜಕಕಾಂಡದ ಆಜ್ಞೆಯನ್ನು ಬಾಯಿಬಿಟ್ಟು ಹೇಳಿ ಸ್ವೀಕರಿಸುವ ಪದ್ಧತಿ ಸಬಾ ಅವರದು. ಅದು 1572ರಲ್ಲಿ ಸಫೇದ್‌ನಲ್ಲೇ ತೀರಿಕೊಂಡ ಕಬ್ಬಾಲಾ ಗುರು ಇಸಾಕ್ ಲೂರಿಯಾ ಅವರ ಬಳಗದಿಂದ ಬಂದದ್ದು. ಸಂಗಾತಿಗಳು ಪರಸ್ಪರ ಒಂದೇ ದೇಹದ ಅಂಗಗಳೆಂದು ಭಾವಿಸಿ, ಒಬ್ಬನ ಮನೆಯಲ್ಲಿ ಕಾಯಿಲೆಯಿದ್ದರೆ ಎಲ್ಲರೂ ಆ ನೋವಿನಲ್ಲಿ ಪಾಲುಗೊಂಡು ಪ್ರಾರ್ಥಿಸಬೇಕೆಂಬ ಕಟ್ಟಳೆ ಅವರಲ್ಲಿತ್ತು. ಆ ‘ನೆರೆಯವ’ನಲ್ಲಿ ಯೆಹೂದ್ಯನಲ್ಲದ ನಾನು ಸೇರುತ್ತೇನೆಯೇ ಎಂಬ ಪ್ರಶ್ನೆ ನನಗೆ ಬಾರದೆ ಇರಲಿಲ್ಲ. ಈ ಪರಂಪರೆಯ ಅನೇಕ ಗ್ರಂಥಗಳು ಇಸ್ರಾಯೇಲ್ಯರ ಪರಸ್ಪರ ಪ್ರೀತಿಯನ್ನೇ ಕುರಿತು ಮಾತಾಡುತ್ತವೆ, ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ 1797ರಲ್ಲಿ ಈಗಿನ ಚೆಕ್ ದೇಶದ ಬ್ರ್ನೋ ನಗರದಲ್ಲಿ ಅಚ್ಚಾದ ‘ಸೆಫೆರ್ ಹಬ್ರಿತ್’ನಲ್ಲಿ ಪಿನ್ಹಾಸ್ ಎಲಿಯಾಹು ಹುರ್ವಿಟ್ಜ್ ಎಂಬ ಕಬ್ಬಾಲಾ ಪಂಡಿತರು ಈ ಆಜ್ಞೆಯ ವ್ಯಾಪ್ತಿ ಇಡೀ ಮಾನವಕುಲ ಎಂದು ಸ್ಪಷ್ಟವಾಗಿ ವಾದಿಸಿದ್ದಾರೆ.

ಮಲಗುವ ಮುನ್ನ ಸಬಾ ಹೇಳುವ ಕ್ಷಮಾವಾಕ್ಯ ನನಗೆ ಪರಿಚಿತವೆನಿಸಿತು, ಏಕೆಂದರೆ ಅದರಲ್ಲಿ ಪುನರ್ಜನ್ಮವಿದೆ: ಈ ಜನ್ಮದಲ್ಲಾಗಲಿ ಬೇರೆ ಜನ್ಮದಲ್ಲಾಗಲಿ, ನನ್ನ ದೇಹಕ್ಕೆ, ಹಣಕ್ಕೆ, ಗೌರವಕ್ಕೆ ಕೇಡು ಮಾಡಿದವರನ್ನು ಕ್ಷಮಿಸಿದ್ದೇನೆ, ನನ್ನಿಂದಾಗಿ ಯಾರಿಗೂ ಶಿಕ್ಷೆಯಾಗದಿರಲಿ. ನಾನೂ ಅದನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಗದರಿಕೆ, ಅವಮಾನಗಳು ಅಲ್ಲಿಗೆ ಮುಗಿಯುತ್ತವೆ. ವೀಸಾ ಮಾಡಿಸಿಕೊಡಲು ಊರಿನಲ್ಲಿ ವಿಪರೀತ ಹಣ ಕಿತ್ತ ದಲ್ಲಾಳಿಯ ಸಾಲ ತೀರುವವರೆಗೂ ‘ಹಣಕ್ಕೆ’ ಎಂಬುದನ್ನು ಬಿಟ್ಟೇ ಹೇಳುತ್ತಿದ್ದೆ, ಈಗ ಸೇರಿಸಿಕೊಂಡಿದ್ದೇನೆ.