ಇಂಗ್ಲಿಷ್ ಒಳಗ ದೊಡ್ಡ ಅಕ್ಷರ ಎಲ್ಲಿ ಹಾಕ್ಬೇಕು, ನಾ ಕಲಿತದ್ದು ಹಿಂಗ

ಕಲಬುರಗಿ ಒಳಗ ಹದಿನಾಲ್ಕು ವರ್ಷದಿಂದ ಡಿಟಿಪಿ ಕೆಲಸ ಮಾಡ್ಲಾಕತ್ತೀನಿ, ಅರ್ಜಿ, ಬಯೋಡೇಟಾ, ರಜಾ ಚೀಟಿ ಇವೇ ಜಾಸ್ತಿ. ಮೊದಲ ಕಲಿತದ್ದು ನುಡಿ ಅನ್ನೋ ಸಾಫ್ಟ್‌ವೇರ್ ಒಳಗ ಕನ್ನಡ ಟೈಪಿಂಗ್, ಅಲ್ಲಿ ಶಿಫ್ಟ್ ಒತ್ತಿದ್ರ ಅಕ್ಷರಾನೇ ಬ್ಯಾರೆ ಆಗ್ತದ, ಡಿ ಕೀ ಬರೇ ಒತ್ತಿದ್ರ ದ, ಶಿಫ್ಟ್ ಹಿಡಿದು ಒತ್ತಿದ್ರ ಧ, ದನ ಹೋಗಿ ಧನ ಆಗ್ತದ. ಇಂಗ್ಲಿಷಿಗೆ ಬಂದ್ರ ಶಿಫ್ಟ್ ಒತ್ತಿದ್ರೂ ಉಚ್ಚಾರ ಅದೇ, ಹಂಗಾದ್ರ ಎಲ್ಲಿ ಒತ್ತಿದ್ರೇನು ಅಂತ ತಿಳ್ಕೊಂಡು, ಚಂದ ಕಾಣ್ಲಿ ಅಂತ ಪ್ರತಿ ಶಬ್ದದ ಮೊದಲ ಅಕ್ಷರ ದೊಡ್ಡದು ಮಾಡ್ತಿದ್ದೆ.

ಒಂದಿನ ರಿಟೈರ್ ಆದ ಇಂಗ್ಲಿಷ್ ಮಾಸ್ತರ್ ಒಬ್ರು ಅರ್ಜಿ ಮಾಡ್ಸಿ, ಪ್ರಿಂಟ್ ಕೈಯಾಗ ಹಿಡ್ಕೊಂಡು ಪೆನ್ಸಿಲ್ ತಗೊಂಡು ಸುತ್ತು ಹಾಕ್ಕೋತ ಹೋದ್ರು, ಒಂದೇ ಪುಟದಾಗ ಮೂವತ್ತರ ಮ್ಯಾಲ. "ತಮ್ಮಾ, ದೊಡ್ಡ ಅಕ್ಷರ ಅಂದ್ರ ಹೆಸರು ಹಿಡಿದು ಕರದಂಗ, ಎಲ್ಲಾರಿಗೂ ಒಮ್ಮೆಲೇ ಕರದ್ರ ಯಾರು ಓ ಅನಬೇಕು?" ಅಂದ್ರು. ಅವತ್ತಿನಿಂದ ನಾ ಹಿಡಿದದ್ದು ಇದೊಂದೇ ದಾರಿ.

ವಾಕ್ಯದ ಮೊದಲ ಅಕ್ಷರ ದೊಡ್ಡದು, ಅದು ಎಲ್ಲಾರಿಗೂ ಗೊತ್ತು. ತಪ್ಪು ಆಗೋದು ನಡುವ. ಗುಲ್ಬರ್ಗಾ ಯೂನಿವರ್ಸಿಟಿ ಅಂತ ಪೂರ್ತಿ ಹೆಸರಿದ್ರ ಜಿ, ಯು ಎರಡೂ ದೊಡ್ಡವು, ಬರೇ ಒಂದು ಯೂನಿವರ್ಸಿಟಿ ಒಳಗ ಓದೀನಿ ಅಂದ್ರ ಯು ಸಣ್ಣದು. ಭೀಮಾ ರಿವರ್ ಅಂದ್ರ ಆರ್ ದೊಡ್ಡದು, ನದಿ ಬತ್ತೇದ ಅನ್ನಾಗ ಸಣ್ಣದು. ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿ ಆಫ್ ಕರ್ನಾಟಕ ಇದ್ರಾಗ ನಡುವಿನ ಆಫ್ ಮಾತ್ರ ಸಣ್ಣ ಓ. ವಾರ, ತಿಂಗಳಿಗೆ ದೊಡ್ಡದು, ಆದ್ರ ಬ್ಯಾಸಗಿಗೆ ಸಮ್ಮರ್ ಅಂತ ಬರೀತೀವಲ್ಲ ಅದಕ್ಕ ಸಣ್ಣ ಎಸ್. ವಾಕ್ಯದ ನಡುವ ಫಿಸಿಕ್ಸ್, ಹಿಸ್ಟರಿ ಸಣ್ಣ ಅಕ್ಷರದಾಗ ಬರ್ತಾವ, ಕನ್ನಡ, ಉರ್ದು, ಇಂಗ್ಲಿಷ್ ಭಾಷೆ ಹೆಸರು, ಅವು ಎಲ್ಲಿ ಬಂದ್ರೂ ದೊಡ್ಡವೇ, ನಮ್ಮ ಹುಡುಗ್ರು ಕನ್ನಡಕ್ಕ ಸಣ್ಣ ಕೆ ಹಾಕಿ ತಂದ್ರ ನನಗ ಭಾಳ ಬ್ಯಾಸರ ಆಗ್ತದ. ನಾನು ಅನ್ನೋ ಐ ಅಂತೂ ವಾಕ್ಯದಾಗ ಎಲ್ಲಿದ್ರೂ ದೊಡ್ಡದು, ಮೊಬೈಲಿನ ರೂಢಿಗೆ ಸಣ್ಣದು ಹಾಕ್ತಾರ.

ಅರ್ಜಿ ಕೊನಿಗೆ ಯುವರ್ಸ್ ಫೇತ್‌ಫುಲಿ ಬರ್ತದಲ್ಲ, ಅಲ್ಲಿ ವೈ ದೊಡ್ಡದು, ಎಫ್ ಸಣ್ಣದು. ನಾ ಎಷ್ಟೋ ವರ್ಷ ಎರಡೂ ದೊಡ್ಡವು ಹಾಕೀನಿ. ಫಾರ್ಮ್ ಮ್ಯಾಲ ಬ್ಲಾಕ್ ಲೆಟರ್ಸ್ ಅಂತ ಇದ್ರ ಅಷ್ಟೇ ಎಲ್ಲಾ ದೊಡ್ಡದು ತುಂಬ್ರಿ, ಪತ್ರ ಪೂರ್ತಿ ಹಂಗ ಬರೆದ್ರ ಓದ್ಲಿಕ್ಕೆ ಕಣ್ಣಿಗೆ ತ್ರಾಸ. ಕ್ಯಾಪ್ಸ್ ಲಾಕ್ ಬಿದ್ದು ಹಂಗ ಟೈಪ್ ಆಗಿದ್ರ ಎಂಎಸ್ ವರ್ಡ್ ಒಳಗ ಸೆಲೆಕ್ಟ್ ಮಾಡಿ ಶಿಫ್ಟ್ ಎಫ್ 3 ಒತ್ರಿ, ಅಕ್ಷರ ಬದಲಾಗ್ತಾವ, ಮತ್ತ ಟೈಪ್ ಮಾಡೋದು ಬ್ಯಾಡ, ಹೆಸರಷ್ಟು ನೋಡಿ ಸರಿ ಮಾಡ್ಕೊಂಡ್ರ ಆಯ್ತು.

ಎಲ್ಲಕ್ಕಿಂತ ತಿಳಿಸಿ ಹೇಳ್ಲಿಕ್ಕೆ ಕಷ್ಟ ಆಗೋದು ಹುದ್ದೆ, ಕಸುಬಿನ ಹೆಸರು. ಡಾಕ್ಟರ್ ಪಾಟೀಲ್ ಅಂದ್ರ ಡಿ ದೊಡ್ಡದು, ಅವ್ರು ಡಾಕ್ಟರ್ ಇದ್ದಾರ ಅಂದ್ರ ಸಣ್ಣದು. ಮೊನ್ನೆ ಸೇಡಂ ಕಡಿ ಹುಡುಗ ಒಬ್ಬ ಬಂದಿದ್ದ, ಮೈ ಫಾದರ್ ಈಸ್ ಎ ಫಾರ್ಮರ್ ಅಂತ ಟೈಪ್ ಮಾಡಿದ್ರ "ಅಣ್ಣಾ, ಫಾರ್ಮರಿಗೆ ಎಫ್ ದೊಡ್ಡದು ಹಾಕ್ರಿ, ನಮ್ಮಪ್ಪಗ ಮರ್ಯಾದಿ ಇರ್ಲಿ" ಅಂದ. ಇದು ಮರ್ಯಾದಿ ಮಾತಲ್ಲಪ್ಪ, ಕಲೆಕ್ಟರ್ ಅಂತ ಬರೆದ್ರೂ ಇಲ್ಲಿ ಸಿ ಸಣ್ಣದೇ, ಹೆಸರಿಗಷ್ಟೇ ದೊಡ್ಡದು ಅಂತ ಹೇಳಿದೆ. ಒಂದು ಗಳಿಗಿ ಸುಮ್ಮನ ನಿಂತು "ಹಂಗಾದ್ರ ಅಪ್ಪನ ಹೆಸರೂ ಹಾಕ್ರಿ" ಅಂದ. ಹಾಕಿದೆ, ಹೆಸರಿಗೆ ದೊಡ್ಡ ಅಕ್ಷರ, ಫಾರ್ಮರಿಗೆ ಸಣ್ಣ ಎಫ್.